ಥರ್ಟಿ ಫಾರ್ಟಿ ಸೈಟಿನ ಕರ್ಣ

ಹೋದ ತಿಂಗಳು ಅಣ್ಣನ ಮಗಳ ಸ್ಕೂಲಲ್ಲಿ ‘ಬ್ಯಾಗಿಲ್ಲದ ದಿನ’ ಇತ್ತು. ಪುಟ್ಟಿ ಏಳನೇ ಕ್ಲಾಸು. ಗಾರೆ ಕೆಲಸದ ಮೇಸ್ತ್ರಿಯೊಬ್ಬರನ್ನು ಕರೆಸಿದ್ದರಂತೆ. ಅವರು ನಾಲ್ಕು ಸಾಲು ಇಟ್ಟಿಗೆ ಕಟ್ಟಿ ತೋರಿಸಿದರು, ಮಕ್ಕಳು ಒಬ್ಬೊಬ್ಬರಾಗಿ ಕರಣೆ ಹಿಡಿದು ಫೋಟೋ ತೆಗೆಸಿಕೊಂಡರು, ಮೇಸ್ತ್ರಿಗೆ ಶಾಲು ಹೊದಿಸಿ ಕಳಿಸಿದರು. ಕೊನೆಗೊಂದು ವರ್ಕ್‌ಶೀಟು: ‘ಮೇಸ್ತ್ರಿ ಬಳಸುವ ಐದು ಸಲಕರಣೆಗಳನ್ನು ಹೆಸರಿಸಿ.’ ಪುಟ್ಟಿಗೆ ಐದಕ್ಕೆ ಐದು.

“ಚಿಕ್ಕಪ್ಪ, ತಾತ ಮಾಡ್ತಿದ್ದಿದ್ದೂ ಇದೇ ಕೆಲಸ ಅಲ್ವಾ?” ಅಂದಳು.

“ಹೌದು. ಕ್ಲಾಸಲ್ಲಿ ಹೇಳಿದ್ಯಾ?”

“ಇಲ್ಲ.”

ಯಾಕೆ ಅಂತ ನಾನು ಕೇಳಲಿಲ್ಲ. ಇಂಜಿನಿಯರಿಂಗ್ ಸೇರುವಾಗ ‘ತಂದೆಯ ಉದ್ಯೋಗ’ ಅನ್ನುವ ಜಾಗದಲ್ಲಿ ‘ವ್ಯವಸಾಯ’ ಅಂತ ಬರೆದವನು ನಾನು. ಕೇಳೋಕೆ ನನಗೆ ಯಾವ ಮುಖ ಇತ್ತು?

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಆರರಿಂದ ಎಂಟನೇ ತರಗತಿಯ ನಡುವೆ ಮಕ್ಕಳು 10 ದಿನ ಬ್ಯಾಗು ಬಿಟ್ಟು ಬಡಗಿ, ಕುಂಬಾರ, ತೋಟದ ಕೆಲಸದವರಂಥ ಕಸುಬುದಾರರ ಜೊತೆ ಕಲಿಯಬೇಕು. ಪ್ರಶ್ನೆ ಕೇಳುತ್ತಾ, ಹುಡುಕುತ್ತಾ ಕಲಿಯಬೇಕು ಅಂತಲೂ ಅದೇ ನೀತಿ ಹೇಳುತ್ತದೆ. ಎರಡೂ ಒಳ್ಳೆಯ ಮಾತೇ. ನನ್ನ ತಕರಾರು ಇಷ್ಟೇ: ನಾವು ಕೆಲಸಗಾರನನ್ನು ಕ್ಲಾಸಿಗೆ ಕರೆಯುತ್ತೇವೆ, ಅವನ ಪ್ರಶ್ನೆಯನ್ನು ಗೇಟಿನ ಹೊರಗೇ ಬಿಡುತ್ತೇವೆ.

ಈ ಕಾಯಿಲೆ ನಮ್ಮ ಸ್ಕೂಲುಗಳಿಗೆ ಮಾತ್ರ ಬಂದಿದ್ದಲ್ಲ. ಹದಿನೈದರ ಹರೆಯದ ಮಕ್ಕಳಿಗೆ ಹಲವು ದೇಶಗಳಲ್ಲಿ ನಡೆಯುವ ‘ಪಿಸಾ’ ಪರೀಕ್ಷೆ ಇದೆಯಲ್ಲ, ಬದುಕಿಗೆ ಬೇಕಾದ ಗಣಿತವನ್ನು ಅಳೆಯುತ್ತೇವೆ ಅನ್ನೋರು. ಅದರ 2000ರ ಪ್ರಶ್ನೆಯೊಂದು ತುಂಬಾ ಪ್ರಸಿದ್ಧ. ರೈತನೊಬ್ಬ ಚೌಕಾಕಾರದಲ್ಲಿ ಸೇಬಿನ ಗಿಡ ನೆಡುತ್ತಾನೆ, ಗಾಳಿಗೆ ತಡೆಯಾಗಲಿ ಅಂತ ಸುತ್ತಲೂ ಪೈನ್ ಜಾತಿಯ ಮರ ಹಾಕುತ್ತಾನೆ. ಎಷ್ಟು ಸಾಲಿಗೆ ಎರಡರ ಸಂಖ್ಯೆಯೂ ಸಮ ಆಗುತ್ತದೆ? ಉತ್ತರ 8 ಸಾಲು. ಅಲ್ಲಿ 64 ಸೇಬು, 64 ಪೈನ್. ಬೀಜಗಣಿತವಾಗಿ ಸೊಗಸಾದ ಲೆಕ್ಕ. ಆದರೆ ಎರಡೂ ಸಮ ಆಗಲಿ ಅಂತ ಕಾಯುವ ರೈತನನ್ನು ನಾನಂತೂ ನೋಡಿಲ್ಲ. ಅವನು ಗಿಡದಿಂದ ಗಿಡಕ್ಕೆ ಎಷ್ಟು ಅಂತರ, ಗಾಳಿ ಯಾವ ಕಡೆಯಿಂದ, ನೀರು ಸಾಲುತ್ತಾ ಅಂತ ಕೇಳುತ್ತಾನೆ. ಇಲ್ಲಿ ರೈತ ಬರೀ ವೇಷ.

ಇದಕ್ಕೆ ತದ್ವಿರುದ್ಧವಾದದ್ದು ಬ್ರೆಜಿಲ್‌ನ ರೆಸಿಫೆ ನಗರದ ಒಂದು ಅಧ್ಯಯನ. ತೆರೆಜಿನ್ಯಾ ಕರಾಹೆರ್, ಡೇವಿಡ್ ಕರಾಹೆರ್, ಅನಲೂಸಿಯಾ ಶ್ಲೀಮನ್ ಅದನ್ನು 1985ರಲ್ಲಿ ಪ್ರಕಟಿಸಿದರು. ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳ ಹತ್ತಿರ ಗಿರಾಕಿಗಳ ಹಾಗೆ ಹೋಗಿ ಲೆಕ್ಕ ಕೇಳಿದರು. ಒಬ್ಬ ಹುಡುಗ ತೆಂಗಿನಕಾಯಿ ಒಂದಕ್ಕೆ 35ರಂತೆ ಮಾರುತ್ತಿದ್ದ. ಹತ್ತಕ್ಕೆಷ್ಟು? ಮೂರಕ್ಕೆ 105 ಅಂತ ಅವನಿಗೆ ಗೊತ್ತು. ಮೂರು ಮೂರಾಗಿ ಕೂಡಿಸುತ್ತಾ 350ಕ್ಕೆ ಬಂದ. ಬೀದಿಯಲ್ಲಿ ಮಕ್ಕಳ ಉತ್ತರ ಶೇ. 98ರಷ್ಟು ಸರಿ. ಅಂಥವೇ ಲೆಕ್ಕಗಳನ್ನು ಆಮೇಲೆ ಬರೀ ಅಂಕಿಗಳಾಗಿ ಕೊಟ್ಟಾಗ ಶೇ. 37. ಮಕ್ಕಳು ಅವೇ. ಬೀದಿಯಲ್ಲಿ ಪ್ರಶ್ನೆ ಅವರದಾಗಿತ್ತು, ಪರೀಕ್ಷೆಯಲ್ಲಿ ಬೇರೆ ಯಾರದೋ ಆಯಿತು.

ನನ್ನದೂ ಅದೇ ಕಥೆ. ಹೈಸ್ಕೂಲಿನ ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಕೆಲಸಕ್ಕೆ ಹೋಗ್ತಿದ್ದೆ. ಪಾಯಕ್ಕೆ ಗುರುತು ಹಾಕುವಾಗ ಗೂಟ ಹೊಡೆದು, ದಾರ ಕಟ್ಟಿ, ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿಗೆ ಗುರುತು ಮಾಡೋರು. ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬರುವ ತನಕ ದಾರ ಸರಿಸೋರು. ಬಂತು ಅಂದರೆ ಮೂಲೆ ಮಟ್ಟ. ಎಸ್ಸೆಸ್ಸೆಲ್ಸಿಗೆ ಪೈಥಾಗೊರಸ್ ಪ್ರಮೇಯ ಉರು ಹೊಡೆದು ಪೂರ್ತಿ ಮಾರ್ಕ್ಸು ತಗೊಂಡೆ. ಎರಡೂ ಒಂದೇ ಅಂತ ಹೊಳೆದದ್ದು ಬಿಇ ಸೇರಿದ ಮೇಲೆ.

ಇನ್ನೊಂದು ವಿಷಯ. ಜಾಗ ಇದ್ದರೆ ಅಪ್ಪ 3-4-5 ಹಿಡಿಯುತ್ತಲೇ ಇರಲಿಲ್ಲ, 6-8-10 ಹಿಡಿಯೋರು. ಯಾಕೆ? ಪುಸ್ತಕದಲ್ಲಿ ಎರಡೂ ಒಂದೇ, ಸಮರೂಪ ತ್ರಿಕೋನಗಳು. ಆದರೆ ಪುಸ್ತಕದ ತ್ರಿಕೋನದಲ್ಲಿ ಕೈ ತಪ್ಪುವುದಿಲ್ಲ. ಸೈಟಿನಲ್ಲಿ ಟೇಪು ಕಾಲು ಇಂಚು ಹೆಚ್ಚುಕಮ್ಮಿ ಆಗೇ ಆಗುತ್ತದೆ. ಕೂತು ಲೆಕ್ಕ ಹಾಕಿದೆ. ಕರ್ಣದಲ್ಲಿ ಕಾಲು ಇಂಚು ತಪ್ಪಿದರೆ, 3-4-5ರಲ್ಲಿ 40 ಅಡಿ ಗೋಡೆಯ ಕೊನೆ ಸುಮಾರು 4 ಇಂಚು ಪಕ್ಕಕ್ಕೆ ಹೋಗುತ್ತದೆ. 6-8-10ರಲ್ಲಿ 2 ಇಂಚು. ಅದಕ್ಕೇ ಕೊನೆಗೆ ಅಪ್ಪ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ನೋಡೋರು. ನಾವೆಲ್ಲ ಇಎಂಐ ಲೆಕ್ಕ ಹಾಕಿಕೊಂಡು ಕನಸು ಕಾಣುವ ಥರ್ಟಿ ಫಾರ್ಟಿ ಸೈಟಿನ ಕರ್ಣ ಸರಿಯಾಗಿ 50 ಅಡಿ, ಅದೇ 3-4-5. ಅಲ್ಲಿ ಕಾಲು ಇಂಚು ತಪ್ಪಿದರೂ ಗೋಡೆ ಅರ್ಧ ಇಂಚೂ ಸರಿಯೋದಿಲ್ಲ.

ಕ್ಲಾಸಿಗೆ ಬರಬೇಕಾದ ಪ್ರಶ್ನೆ ಇದು: ‘3-4-5 ಇದ್ದಾಗ 6-8-10 ಯಾಕೆ?’ ಕಾಂಪೌಂಡಿನಲ್ಲಿ ದಾರ ಕಟ್ಟಿ, ಬೇಕಂತಲೇ ಕಾಲು ಇಂಚು ತಪ್ಪು ಮಾಡಿ ಮಕ್ಕಳೇ ಅಳೆದು ನೋಡಬಹುದು. ಸಲಕರಣೆಗಳ ಹೆಸರು ಬರೆಯಲು ಮೇಸ್ತ್ರಿ ಯಾಕೆ ಬೇಕು, ಗೂಗಲ್ ಸಾಕು.

ಇದಕ್ಕೊಂದು ಆಕ್ಷೇಪಣೆ ಇದೆ, ಅದೂ ನಮ್ಮ ಮನೆಯದ್ದೇ. “ಕರಣೆ ಹಿಡಿಯೋಕೆ ನಿನ್ನ ಸ್ಕೂಲಿಗೆ ಕಳಿಸ್ತಿಲ್ಲ ಕಣೋ” ಅಂತಿದ್ದರು ಅಪ್ಪ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕಸುಬಿನ ಮೂಲಕ ಕಲಿಸುವ ನಯೀ ತಾಲೀಮ್ ಮುಂದಿಟ್ಟಾಗಲೂ, ಇದು ಬಡವರ ಮಕ್ಕಳನ್ನು ಅಲ್ಲೇ ಉಳಿಸುವ ಓದು ಅನ್ನುವ ಅನುಮಾನ ಬಂದಿತ್ತು. ಆ ಭಯ ಸುಳ್ಳಲ್ಲ. ಆದರೆ ಭಯ ಹುಟ್ಟುವುದು ಕಸುಬು ಒಂದು ಕಡೆ, ಮಾರ್ಕ್ಸು ಇನ್ನೊಂದು ಕಡೆ ಇದ್ದಾಗ. ಮೇಸ್ತ್ರಿ ಮಜಾ ಮಾಡುವ ದಿನ ಬರಬಾರದು, ಗಣಿತದ ಪಿರಿಯಡ್ಡಿಗೆ ಬರಬೇಕು. ಅವರ ದಾರದ ಲೆಕ್ಕ ಪರೀಕ್ಷೆಯಲ್ಲಿ ಬರಬೇಕು. ಆಗ ಅಪ್ಪನೂ ಬೇಡ ಅನ್ನುತ್ತಿರಲಿಲ್ಲ.

ಮೊನ್ನೆ ಭಾನುವಾರ ಪುಟ್ಟಿ ಊರಿಗೆ ಫೋನ್ ಮಾಡಿ ತಾತನಿಗೆ ಈ 6-8-10 ಯಾಕೆ ಅಂತ ಕೇಳಿದಳು. “ಅದೆಲ್ಲ ನಿನಗ್ಯಾಕವ್ವಾ” ಅಂತ ನಕ್ಕವರು ಇಪ್ಪತ್ತು ನಿಮಿಷ ಮಾತಾಡಿದರು. ಪಕ್ಕದಲ್ಲಿ ಕೂತಿದ್ದೆ. ಅಪ್ಪ ಲೆಕ್ಕದ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಯಾಕಂದರೆ ಅವರನ್ನು ನಾನು ಯಾವತ್ತೂ ಕೇಳಿರಲೇ ಇಲ್ಲ.