ಒಡೆದರೂ ಮುರಿಯದ್ದು

‘ಒಡೆ’ ಎಂಬ ಎರಡಕ್ಷರದ ಕ್ರಿಯಾಪದಕ್ಕೆ ಕನ್ನಡದಲ್ಲಿ ಎರಡು ಸ್ವಭಾವ. ಮಡಕೆ ಒಡೆಯುತ್ತದೆ, ಹಾಲು ಒಡೆಯುತ್ತದೆ, ಕೆರೆಯ ಏರಿ ಒಡೆಯುತ್ತದೆ. ಎಲ್ಲವೂ ನಷ್ಟದ ಬಾಬತ್ತು. ಆದರೆ ನೆನೆಸಿಟ್ಟ ಹೆಸರುಕಾಳು ಮೊಳಕೆಯೊಡೆದರೆ, ಯುಗಾದಿಯ ಹೊತ್ತಿಗೆ ಮಾವು ಚಿಗುರೊಡೆದರೆ ಅದು ಲಾಭ. ಈ ಎರಡನೆಯ ಪಂಕ್ತಿಯಲ್ಲಿ ಕೂತಿರುವ ಪದ ‘ಕವಲೊಡೆ’.

ದಾರಿ ಕೇಳಿದವರಿಗೆ ಯಾರೂ ಈ ಪದ ಬಳಸುವುದಿಲ್ಲ. ‘ಮುಂದೆ ದಾರಿ ಎರಡಾಗುತ್ತೆ, ಬಲಗಡೇದು ಹಿಡೀರಿ’ ಅನ್ನುತ್ತಾರೆ. ಆ ಮಾತು ಲೆಕ್ಕ ಹೇಳುತ್ತದೆ, ‘ಕವಲೊಡೆಯಿತು’ ಎಂಬುದು ಹುಟ್ಟು ಹೇಳುತ್ತದೆ. ಕವಲು ಮೂಲತಃ ಮರದ್ದು. ಬೇಲಿಮುಳ್ಳು ಒತ್ತುವ ಕವೆಗೋಲು, ಹುಡುಗರು ಸೀಬೆಮರದಲ್ಲಿ ಹುಡುಕಿ ಕಡಿಯುವ ಕವೆ, ಎಲ್ಲ ಅದೇ ಬಳಗ. ಸೌದೆ ಸೀಳುವವರನ್ನು ಗಮನಿಸಿ: ನೇರ ತುಂಡು ಒಂದೇ ಏಟಿಗೆ ಎರಡಾಗುತ್ತದೆ, ಕವಲಿರುವ ತುಂಡನ್ನು ಅವರು ಪಕ್ಕಕ್ಕೆ ಎಸೆಯುತ್ತಾರೆ. ಅಲ್ಲಿ ಎರಡೂ ಕೊಂಬೆಗಳ ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಕೊಡಲಿ ಕಚ್ಚಿಕೊಳ್ಳುತ್ತದೆಯೇ ಹೊರತು ಮರ ಬಾಯಿಬಿಡುವುದಿಲ್ಲ. ಮರ ತಾನಾಗಿ ‘ಒಡೆದ’ ಜಾಗವೇ ಒಡೆಯಲು ಅತಿ ಕಷ್ಟದ ಜಾಗ.

ವ್ಯಾಕರಣವೂ ಇದಕ್ಕೆ ತಾಳ ಹಾಕುತ್ತದೆ. ಮಡಕೆಯನ್ನು ಯಾರೋ ಒಡೆಯಬಹುದು, ದಾರಿಯನ್ನು ಯಾರೂ ಕವಲೊಡೆಯಲಾರರು. ದಾರಿ, ಹೊಳೆ, ವಂಶ, ಮಾತು ತಾವೇ ಕವಲೊಡೆಯಬೇಕು. ಹಾಗಾಗಿ ಈ ಕ್ರಿಯೆಯಲ್ಲಿ ತಪ್ಪಿತಸ್ಥರಿಲ್ಲ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ‘ಮನೆ ಒಡೆಯಿತು’ ಎಂದು ಊರು ನಿಟ್ಟುಸಿರಿಡುತ್ತದೆ. ಎರಡು ತಲೆಮಾರು ಕಳೆದ ಮೇಲೆ ಅದೇ ಸಂಗತಿಯನ್ನು ‘ವಂಶ ಕವಲೊಡೆಯಿತು’ ಎಂದು ಹೆಮ್ಮೆಯಿಂದ ಹೇಳುತ್ತದೆ. ಕ್ರಿಯಾಪದ ಒಂದೇ, ‘ಕವಲು’ ಸೇರಿದ್ದೇ ಕಹಿ ಇಳಿಯಿತು.

ಕಣ್ಣಾರೆ ನೋಡಬೇಕೆಂದರೆ ಶಿವನಸಮುದ್ರಕ್ಕೆ ಹೋಗಬೇಕು. ಅಲ್ಲಿ ಕಾವೇರಿ ಕವಲೊಡೆದು ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತಾಳೆ. ನಡುವೆ ದ್ವೀಪ, ಕೆಳಗೆ ಮತ್ತೆ ಒಂದೇ ಹೊಳೆ. ಎರಡು ಜಲಪಾತಗಳಿಗೂ ಬೇರೆ ಬೇರೆ ಹೆಸರಿದ್ದರೂ ನದಿ ಎರಡೆಂದು ಯಾರೂ ಎಣಿಸಿಲ್ಲ. ಭಾಷೆಗಳೂ ಹೀಗೆಯೇ. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆಯಿತು, ಅದೇ ಮೂಲದ ಪದ ತಮಿಳಿನಲ್ಲಿ ‘ಪಾಲ್’ ಆಗಿಯೇ ಉಳಿಯಿತು. ಒಂದೇ ಬುಡದ ಎರಡು ಕೊಂಬೆ ಎಂದು ಗುರುತಿಸಲು ಪಂಡಿತರೇ ಬೇಕೆಂದಿಲ್ಲ, ಗಡಿಯ ಊರಿನ ಹಾಲಿನವನಿಗೂ ಗೊತ್ತು.

‘ಅಗಲು’ ಎಂದರೆ ಎದೆ ಭಾರ, ‘ಬೇರ್ಪಡು’ ಎಂದರೆ ಕಾಗದಪತ್ರದ ತಣ್ಣಗಿನ ದನಿ, ‘ಸೀಳು’ ಎಂದರೆ ಕೈಯಲ್ಲಿ ಕೊಡಲಿ. ಬುಡದ ಋಣ ಉಳಿಸಿಕೊಂಡೇ ದೂರವಾಗುವುದಕ್ಕೆ ‘ಕವಲೊಡೆ’ಯೇ ಬೇಕು. ಆದ್ದರಿಂದ, ಕುರ್ಚಿಗಾಗಿ ಕಿತ್ತಾಡಿ ಎರಡು ಹೋಳಾದ ಪಕ್ಷವೊಂದು ‘ಕವಲೊಡೆಯಿತು’ ಎಂದು ಬರೆಯುವವರು ಆ ಪಕ್ಷಕ್ಕೆ ಅದರ ಯೋಗ್ಯತೆಗಿಂತ ಹೆಚ್ಚಿನ ಮರ್ಯಾದೆ ಕೊಡುತ್ತಿದ್ದಾರೆ. ಅದಕ್ಕೆ ‘ಹೋಳಾಯಿತು’ ಸಾಕು.