ವ್ಯಾನು ಹತ್ತಿ ಹೋದವನು, ಬಾಗಿಲಲ್ಲಿ ಉಳಿದವಳು

2018ರಲ್ಲಿ ನಾನು ತುಮಕೂರಿನಲ್ಲಿ ಎಂ.ಎ. ಓದುತ್ತಿದ್ದೆ. ಒಂದು ರಾತ್ರಿ ಹಾಸ್ಟೆಲ್ಲಿನ ಮಂಚದ ಮೇಲೆ, ಗಾಜು ಸೀಳಿದ ಮೊಬೈಲನ್ನು ದಿಂಬಿಗೆ ಒರಗಿಸಿಕೊಂಡು, 'ಬ್ರೇಕಿಂಗ್ ಬ್ಯಾಡ್' ಎಂಬ ಅಮೆರಿಕನ್ ಸರಣಿಯ 60ನೆಯ ಕಂತನ್ನು ನೋಡಿ ಬಿಕ್ಕಿಬಿಕ್ಕಿ ಅತ್ತೆ. ಪಕ್ಕದ ಮಂಚದ ಗೆಳೆಯ ಎದ್ದು ಕೂತು, 'ಮನೇಲಿ ಏನಾದ್ರೂ ಆಯ್ತೇನೋ?' ಎಂದ. ಧಾರಾವಾಹಿ ನೋಡಿ ಅಳುತ್ತಿದ್ದೇನೆ ಎನ್ನಲು ನಾಚಿಕೆಯಾಗಿ ತಲೆನೋವು ಎಂದು ಸುಳ್ಳು ಹೇಳಿದೆ. ಕಳೆದ ವರ್ಷ ಕುಣಿಗಲ್ಲಿನ ನಮ್ಮ ಅತ್ತೆಯ ಮನೆಯಲ್ಲಿ ಅದೇ ಕಂತನ್ನು ಮತ್ತೆ ನೋಡಿದೆ. ಆಗಲೂ ಕಣ್ಣು ತುಂಬಿತು. ಆದರೆ ಎರಡನೆಯ ಸಲ ಅತ್ತದ್ದು ಬೇರೆಯವರಿಗಾಗಿ. ಈ ಎರಡು ಅಳುಗಳ ನಡುವೆ ಏನಾಯಿತು ಎಂದು ವಿಚಾರಿಸಿಕೊಳ್ಳುವುದೇ ಈ ಬರಹದ ಉದ್ದೇಶ. ಸರಣಿಯನ್ನು ಇನ್ನೂ ನೋಡದವರು ಗಮನಿಸಬೇಕು: ಕತೆ ಹೇಳದೆ ಈ ಮಾತು ಆಡಲಾಗುವುದಿಲ್ಲ.

ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ಎಂಬ ಊರಿನಲ್ಲಿ ವಾಲ್ಟರ್ ವೈಟ್ ಎಂಬ ರಸಾಯನಶಾಸ್ತ್ರದ ಮೇಷ್ಟ್ರು. ಶ್ವಾಸಕೋಶದ ಕ್ಯಾನ್ಸರ್ ಇದೆ ಎಂದು ಗೊತ್ತಾದ ಮೇಲೆ, ತಾನು ಸತ್ತರೆ ಹೆಂಡತಿ ಮಕ್ಕಳ ಗತಿ ಏನು ಎಂದು ಯೋಚಿಸಿ ಮಾದಕವಸ್ತು ತಯಾರಿಸಲು ಇಳಿಯುತ್ತಾನೆ. 2008ರ ಜನವರಿಯಲ್ಲಿ ಶುರುವಾದ ಸರಣಿ 62 ಕಂತುಗಳಲ್ಲಿ ಮುಗಿಯಿತು. ಅದರಲ್ಲಿ 2013ರ ಸೆಪ್ಟೆಂಬರ್ 15ರಂದು ಪ್ರಸಾರವಾದ 'ಓಝಿಮ್ಯಾಂಡಿಯಸ್' ಎಂಬ ಕಂತೇ ಇಡೀ ಕತೆಯ ತಿರುಗಣೆ. ಮೊಯ್ರಾ ವಾಲಿ-ಬೆಕೆಟ್ ಬರೆದ, ರಯಾನ್ ಜಾನ್ಸನ್ ನಿರ್ದೇಶಿಸಿದ ಈ ಕಂತಿಗೆ ಹೆಸರು ಬಂದದ್ದು ಮರುಭೂಮಿಯಲ್ಲಿ ಮುರಿದು ಬಿದ್ದ ರಾಜನ ಪ್ರತಿಮೆಯ ಬಗ್ಗೆ ಶೆಲ್ಲಿ ಬರೆದ ಸಾನೆಟ್ಟಿನಿಂದ. ಟೀವಿ ಇತಿಹಾಸದಲ್ಲೇ ಇಂಥ ಒಂದು ಗಂಟೆ ಇನ್ನೊಂದಿಲ್ಲ ಎಂದು ಅಭಿಮಾನಿಗಳು ಇವತ್ತಿಗೂ ವಾದಿಸುತ್ತಾರೆ. ನಾನೂ ವಾದಿಸಿದವನೇ.

ಹಳಗನ್ನಡ ಓದುವವನಿಗೆ ಈ ಕಂತಿನ ಮೊದಲ ದೃಶ್ಯವೇ ಪರಿಚಿತ ಅನ್ನಿಸಬೇಕು. ಹಿಂದಿನ ಕಂತು ಬಂದೂಕುಗಳ ಕಾಳಗದ ಮಧ್ಯೆ ನಿಂತಿತ್ತು. ಗುಂಡು ತಾಗಿದ್ದು ಯಾರಿಗೆ ಎಂದು ನಾವು ಕಾಯುತ್ತಿರುವಾಗ ಕತೆ ಅದೇ ಮರುಭೂಮಿಯ ಬಹಳ ಹಿಂದಿನ ಒಂದು ದಿನಕ್ಕೆ ಹೋಗುತ್ತದೆ. ವಾಲ್ಟರ್ ತನ್ನ ಹಳೆಯ ವಿದ್ಯಾರ್ಥಿ ಜೆಸ್ಸಿಯ ಜೊತೆ ಮೊದಲ ಸಲ ಮಾದಕವಸ್ತು ತಯಾರಿಸಲು ಬಂದ ದಿನ ಅದು. ಮನೆಗೆ ಯಾಕೆ ತಡವಾಗುತ್ತದೆ ಎಂಬುದಕ್ಕೆ ಒಂದು ಸುಳ್ಳನ್ನು ಒಬ್ಬನೇ ನಿಂತು ಬಾಯಿಪಾಠ ಮಾಡಿಕೊಂಡು, ಆಮೇಲೆ ತುಂಬು ಬಸುರಿ ಹೆಂಡತಿ ಸ್ಕೈಲರ್‌ಗೆ ಫೋನು ಮಾಡುತ್ತಾನೆ. ಹುಟ್ಟಲಿರುವ ಮಗುವಿಗೆ ಹಾಲಿ ಎಂದು ಹೆಸರಿಡೋಣವೇ ಎಂದು ಅವಳು ಸಂತೋಷದಿಂದ ಕೇಳುತ್ತಾಳೆ. ಆಮೇಲೆ ವಾಲ್ಟರ್, ಜೆಸ್ಸಿ, ಅವರ ಗಾಡಿ ಒಂದೊಂದಾಗಿ ಮಾಯವಾಗಿ ಬರಿಯ ನೆಲ ಉಳಿಯುತ್ತದೆ. ಅದೇ ನೆಲದ ಮೇಲೆ ಈಗಿನ ಗುಂಡಿನ ಸದ್ದು ಕೇಳಿಸುತ್ತದೆ.

ರನ್ನ 10ನೆಯ ಶತಮಾನದಲ್ಲಿ 'ಗದಾಯುದ್ಧ'ದಲ್ಲಿ ಮಾಡಿದ್ದು ಇದನ್ನೇ. ಭಾರತದ ಕೊನೆಯ ಕಾಳಗವನ್ನು ಕಣ್ಣ ಮುಂದೆ ಇಟ್ಟುಕೊಂಡು, ಸಿಂಹ ನಡೆಯುತ್ತ ನಡೆಯುತ್ತ ಹಿಂತಿರುಗಿ ನೋಡುವ ಹಾಗೆ, ಇಡೀ ಭಾರತವನ್ನು ನೋಡುವುದು. ಸಿಂಹಾವಲೋಕನ ಎಂದರೆ ಸುಮ್ಮನೆ ಹಳೆಯ ಕತೆ ನೆನಪಿಸುವುದಲ್ಲ. ಕೊನೆಯನ್ನು ತಿಳಿದ ಕಣ್ಣಿಗೆ ಮೊದಲಿನದು ಬೇರೆಯಾಗಿ ಕಾಣುತ್ತದೆ. 60 ಕಂತುಗಳ ರಕ್ತಪಾತ ಆ ಸಣ್ಣ, ಸಂಸಾರಿಗನ ಸುಳ್ಳಿನಿಂದ ಮೊಳೆತದ್ದು ಎಂದು ಅಲ್ಲಿಗೆ ಬಂದ ಮೇಲೇ ನಮಗೆ ತಿಳಿಯುತ್ತದೆ. ಆ ಸುಳ್ಳನ್ನು ಮೊದಲು ಕೇಳಿಸಿಕೊಂಡವಳು ಹೆಂಡತಿ ಎಂಬುದು ಮಾತ್ರ ಮೊದಲ ಸಲ ನೋಡಿದಾಗ ನನ್ನ ಗಮನಕ್ಕೇ ಬರಲಿಲ್ಲ.

ಯಾಕೆಂದರೆ ಆಗ ನಾನು ದುರ್ಯೋಧನನನ್ನು ಹುಡುಕುತ್ತಿದ್ದೆ. ನನ್ನ ಸಂಶೋಧನೆಯ ವಿಷಯವೇ ಅದು: ಕನ್ನಡ ವಿಮರ್ಶೆ ದುರ್ಯೋಧನನನ್ನು ದುರಂತನಾಯಕನನ್ನಾಗಿ ಓದಿಕೊಂಡ ಬಗೆ. ಈ ಓದಿಗೆ ದೊಡ್ಡ ದಾರಿ ಮಾಡಿಕೊಟ್ಟ ಬಿ.ಎಂ.ಶ್ರೀ. ಹುಟ್ಟಿದ್ದು ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ, 1884ರಲ್ಲಿ. ಗ್ರೀಕ್ ರುದ್ರನಾಟಕಗಳ ರುಚಿ ಹತ್ತಿದ ಅವರು 1926ರಲ್ಲಿ ರನ್ನನ ಕಾವ್ಯವನ್ನು 'ಗದಾಯುದ್ಧ ನಾಟಕಂ' ಮಾಡಿದರು. ಅದೇ 1884ರಲ್ಲಿ ನಮ್ಮೂರು ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಅದರ ವೀರಣ್ಣನವರು ಮನೆಮಾತಾದದ್ದು 'ಸದಾರಮೆ'ಯ ಕಳ್ಳನಾಗಿ. ಕಳ್ಳ ರಂಗಕ್ಕೆ ಬಂದರೆ ಜನಕ್ಕೆ ಹಬ್ಬ ಎಂದು ನಮ್ಮ ತಾತ ಹೇಳುತ್ತಿದ್ದರು. ಅಂದರೆ, ಕೆಟ್ಟವನಿಗಾಗಿ ಮರುಗುವುದನ್ನೂ ಕಳ್ಳನನ್ನು ಮೆಚ್ಚುವುದನ್ನೂ ನಾವು ಅಮೆರಿಕದಿಂದ ಕಲಿಯಬೇಕಾಗಿರಲಿಲ್ಲ.

ಹೀಗಾಗಿ ಹ್ಯಾಂಕ್‌ನ ಸಾವಿನ ದೃಶ್ಯ ನನಗೆ ನೇರವಾಗಿ ದುರ್ಯೋಧನ ವಿಲಾಪವಾಗಿ ಕಂಡಿತು. ಹ್ಯಾಂಕ್ ಮಾದಕವಸ್ತು ನಿಗ್ರಹದ ಪೊಲೀಸ್ ಅಧಿಕಾರಿ, ವಾಲ್ಟರನ ನಾದಿನಿಯ ಗಂಡ. ವಾಲ್ಟರನ ಬೆನ್ನು ಹತ್ತಿ ಅವನನ್ನು ಹಿಡಿದವನೂ ಅವನೇ. ಈಗ ಕಾಲಿಗೆ ಗುಂಡು ತಗಲಿ ಮರಳಿನ ಮೇಲೆ ಬಿದ್ದಿದ್ದಾನೆ. ವಾಲ್ಟರನದೇ ಬಾಡಿಗೆ ಕೊಲೆಗಡುಕರು ಸುತ್ತ ನಿಂತಿದ್ದಾರೆ. ವಾಲ್ಟರ್ ಹೂತಿಟ್ಟ ಹಣವನ್ನೆಲ್ಲ, ಸುಮಾರು 8 ಕೋಟಿ ಡಾಲರನ್ನು, ಅವರಿಗೆ ಕೊಡಲು ಸಿದ್ಧನಾಗಿ ಹ್ಯಾಂಕ್‌ನ ಜೀವ ಬೇಡುತ್ತಾನೆ. ಹ್ಯಾಂಕ್ ಮಾತ್ರ ಬೇಡುವುದಿಲ್ಲ. ನಾನು ಕಂಡವರಲ್ಲೆಲ್ಲ ನೀನೇ ಬುದ್ಧಿವಂತ, ಆದರೂ ಇವನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾನೆ ಅನ್ನುವುದು ನಿನಗೆ ಕಾಣುತ್ತಿಲ್ಲವಲ್ಲ ಎಂಬರ್ಥದ ಮಾತು ಹೇಳಿ ಸಾಯುತ್ತಾನೆ. ಸದ್ದಿಲ್ಲದೆ ಬಾಯಿ ತೆರೆದು ವಾಲ್ಟರ್ ಕುಸಿದು ಕೆನ್ನೆ ನೆಲಕ್ಕೆ ಒತ್ತಿಕೊಂಡು ಬೀಳುತ್ತಾನೆ. ಉರುಳಿದ ಪ್ರತಿಮೆಯ ಮುಖವದು.

ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನ ತಮ್ಮನನ್ನು, ಮಗನನ್ನು, ಕರ್ಣನನ್ನು ನೋಡಿ ಅಳುವುದಷ್ಟೇ ಅಲ್ಲ, ವೈರಿಯ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಸಾಹಸಕ್ಕೂ ತಲೆಬಾಗುತ್ತಾನೆ. ವೈರಿಗಾಗಿ ಮರುಗಬಲ್ಲವನು ಪೂರಾ ಕೆಟ್ಟವನಲ್ಲ ಎಂದು ನಾವು ಅಲ್ಲಿ ಕರಗುತ್ತೇವೆ. ಹಾಸ್ಟೆಲ್ಲಿನ ಮಂಚದ ಮೇಲೆ ನಾನು ಅತ್ತದ್ದು ಈ ಕಾರಣಕ್ಕೇ. ಬೆಳಗಾಗೆದ್ದು ಟಿಪ್ಪಣಿ ಪುಸ್ತಕದಲ್ಲಿ 'ವಾಲ್ಟರ್ = ಛಲದಂಕಮಲ್ಲ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಕಂತಿನ ಇನ್ನೊಂದು ಅರ್ಧಕ್ಕೆ ಆ ಟಿಪ್ಪಣಿಯಲ್ಲಿ ಒಂದು ಸಾಲೂ ಇಲ್ಲ.

ಆ ಅರ್ಧ ನಡೆಯುವುದು ಮನೆಯೊಳಗೆ. ಉಳಿದ ಒಂದೇ ಪೀಪಾಯಿ ಹಣದೊಂದಿಗೆ ಬಂದ ವಾಲ್ಟರ್ ಬಟ್ಟೆ ತುಂಬಿಕೊಳ್ಳಿ, ಹೊರಡಿ ಎಂದು ಅವಸರಿಸುತ್ತಾನೆ. ಹ್ಯಾಂಕ್ ಸತ್ತಿದ್ದಾನೆ ಎಂದು ಸ್ಕೈಲರ್‌ಗೆ ಹೊಳೆಯುತ್ತದೆ. ಅಡುಗೆಮನೆಯ ಚಾಕು ಹಿಡಿದು ಗಂಡನಿಗೂ ಮಗನಿಗೂ ನಡುವೆ ನಿಲ್ಲುತ್ತಾಳೆ. ಹೊಡೆದಾಟವಾಗುತ್ತದೆ. ಮಗ ಅಪ್ಪನನ್ನು ಎಳೆದುಹಾಕಿ, ಅಮ್ಮನಿಗೆ ಅಡ್ಡವಾಗಿ ನಿಂತು ಪೊಲೀಸರಿಗೆ ಫೋನು ಮಾಡುತ್ತಾನೆ. ನಾವೊಂದು ಕುಟುಂಬ ಎಂದು ಅರಚಿದ ವಾಲ್ಟರ್, ಕೈಗೂಸು ಹಾಲಿಯನ್ನು ಎತ್ತಿಕೊಂಡು ಗಾಡಿ ಹತ್ತುತ್ತಾನೆ. ಸ್ಕೈಲರ್ ಗಾಡಿಯ ಹಿಂದೆ ಓಡಿ ನಡುರಸ್ತೆಯಲ್ಲಿ ಮಂಡಿಯೂರುತ್ತಾಳೆ.

ಮೊದಲ ಸಲ ಇದನ್ನು ನೋಡುವಾಗ ನನಗೆ ಸ್ಕೈಲರ್ ಮೇಲೆ ಸಿಟ್ಟು ಬಂದಿತ್ತು. ಎಲ್ಲ ಕಳೆದುಕೊಂಡು ಬಂದವನ ಮೇಲೆ ಚಾಕು ಎತ್ತುವುದೇ? ನಾನು ಒಬ್ಬನೇ ಅಲ್ಲ. ಸ್ಕೈಲರ್ ಪಾತ್ರವನ್ನು ದ್ವೇಷಿಸುವುದು ಈ ಸರಣಿಯ ಅಭಿಮಾನದ ಒಂದು ಭಾಗವೇ ಆಗಿಬಿಟ್ಟಿತ್ತು. ಆ ದ್ವೇಷ ಪಾತ್ರವನ್ನು ದಾಟಿ ತನ್ನ ಮೇಲೂ ಬಂದದ್ದನ್ನು ನಟಿ ಆನಾ ಗನ್ 2013ರ ಆಗಸ್ಟ್‌ನಲ್ಲಿ, ಈ ಕಂತು ಬರುವ ಕೆಲವೇ ವಾರಗಳ ಮೊದಲು, 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದರು. ಕೊಂದವನನ್ನು ಮೆಚ್ಚಿಕೊಂಡು ಅವನನ್ನು ತಡೆದವಳನ್ನು ಕಾಟ ಎಂದುಕೊಳ್ಳುವ ಇಂಥ ನೋಡುಗರಿಗೆ ವಿಮರ್ಶಕಿ ಎಮಿಲಿ ನುಸ್‌ಬಾಮ್ 'ಕೆಟ್ಟ ಅಭಿಮಾನಿ' ಎಂಬ ಹೆಸರು ಕೊಟ್ಟರು. ನಾನು ಆ ಪದವನ್ನು ಓದಿದಾಗ ಅದು ಬೇರೆ ಯಾರಿಗೋ ಹೇಳಿದ ಮಾತು ಅಂದುಕೊಂಡಿದ್ದೆ.

ಇಲ್ಲಿ ನಮ್ಮ ಮನೆಯ ಕತೆ ಹೇಳಬೇಕು. ನಮ್ಮ ಸೋದರಮಾವ ಕುಣಿಗಲ್ಲಿನಲ್ಲಿ ಚೀಟಿ ನಡೆಸುತ್ತಿದ್ದರು. ನಾನು ಪಿಯುಸಿಯಲ್ಲಿದ್ದಾಗ ಚೀಟಿ ಮುಳುಗಿತು. ಒಂದು ಬೆಳಿಗ್ಗೆ ಮಾವ ಊರಲ್ಲಿರಲಿಲ್ಲ. ಬಾಗಿಲಿಗೆ ಬಂದವರಿಗೆಲ್ಲ, ಹೂ ಮಾರುವವಳಿಂದ ಹಿಡಿದು ನಿವೃತ್ತ ಮೇಷ್ಟ್ರ ತನಕ, ಉತ್ತರ ಹೇಳಿದವರು ಅತ್ತೆ. ಮುಳುಗಿದ್ದರಲ್ಲಿ ನಮ್ಮಮ್ಮ ಗುಬ್ಬಿಯಿಂದ ಕಟ್ಟುತ್ತಿದ್ದ ಹಣವೂ ಇತ್ತು. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 'ಅವ್ಳಿಗೆ ಎಲ್ಲಾ ಗೊತ್ತಿತ್ತು. ಒಡವೆ ಆಸೆ ಅವ್ಳಿಗೆ. ಅವನೇನು ಮಾಡ್ತಾನೆ ಪಾಪ, ಸಂಸಾರಕ್ಕೋಸ್ಕರ ಮಾಡ್ದ.' ಎರಡು ವರ್ಷದ ಮೇಲೆ ಮಾವ ಸೊರಗಿ ವಾಪಸ್ಸು ಬಂದಾಗ ಅಮ್ಮ ಅವರನ್ನು ಹಿಡಿದುಕೊಂಡು ಅತ್ತರು. ಗುಬ್ಬಿ ಜಾತ್ರೆಯಲ್ಲಿ ಅತ್ತೆ ಎದುರಾಗಿ 'ಚೆನ್ನಾಗಿ ಓದ್ತಿದೀಯೇನಪ್ಪ?' ಎಂದಾಗ ನಾನು ಅವರ ಮುಖ ನೋಡಿ, 'ಓದೋಕೆ ದುಡ್ಡು ಬಿಟ್ಟಿದ್ರಲ್ವಾ ನೀವು' ಎಂದಿದ್ದೆ. ಅವರು ಏನೂ ಹೇಳದೆ ಸೆರಗು ಸರಿಮಾಡಿಕೊಂಡು ಹೋದರು. ಅವರ ಮಾಂಗಲ್ಯದ ಸರವೂ ಚೀಟಿಯ ಸಾಲಕ್ಕೇ ಹೋಗಿತ್ತೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಕಳೆದ ವರ್ಷ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದಾಗ ನಾಲ್ಕು ದಿನ ಅವರ ಜೊತೆಗಿರಲು ಹೋಗಿದ್ದೆ. ಅಧ್ಯಾಯವೊಂದಕ್ಕಾಗಿ ಲ್ಯಾಪ್‌ಟಾಪಿನಲ್ಲಿ ಆ ಕಂತನ್ನು ಮತ್ತೆ ಹಾಕಿಕೊಂಡೆ. ಅತ್ತೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕೂತರು. ಒಂದು ಕಾಲಕ್ಕೆ ಟಿ.ಎನ್. ಸೀತಾರಾಮರ 'ಮುಕ್ತ ಮುಕ್ತ'ವನ್ನು ಒಂದು ದಿನವೂ ತಪ್ಪಿಸದವರು ಅವರು. ಅಲ್ಲಿ ಅಪರಾಧದ ಕತೆಯನ್ನು ನಾವು ವಕೀಲ ಸಿ.ಎಸ್.ಪಿ.ಯ ಪಕ್ಕದಲ್ಲಿ ನಿಂತು ನೋಡುತ್ತಿದ್ದೆವು, ಯಾರ ಪರ ವಹಿಸಬೇಕು ಎಂಬ ಗೊಂದಲ ಅಷ್ಟಾಗಿ ಇರಲಿಲ್ಲ. ಇಲ್ಲಿ ಭಾಷೆಯೂ ತಿಳಿಯದ ಅತ್ತೆ ನನ್ನನ್ನು ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದರು. ಚಾಕುವಿನ ದೃಶ್ಯದಲ್ಲಿ ಏನೂ ಕೇಳಲಿಲ್ಲ.

ಆಮೇಲೆ ಆ ಫೋನ್ ಕರೆ ಬಂತು. ಮನೆಯಲ್ಲಿ ಪೊಲೀಸರು ಕಿವಿಗೊಟ್ಟು ಕೂತಿದ್ದಾರೆಂದು ಊಹಿಸಿಯೇ ವಾಲ್ಟರ್ ಸ್ಕೈಲರ್‌ನನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ನೀನು ಯಾವತ್ತೂ ನನ್ನ ಮಾತು ಕೇಳಲಿಲ್ಲ, ಎಲ್ಲ ಕಟ್ಟಿದವನು ನಾನೊಬ್ಬನೇ ಎನ್ನುತ್ತಾನೆ. ದನಿಯಲ್ಲಿ ಬೆದರಿಕೆ, ಮುಖದಲ್ಲಿ ನೀರು. ಅವಳಿಗೆ ಇದರಲ್ಲಿ ಪಾಲಿಲ್ಲ ಎಂದು ಪೊಲೀಸರನ್ನು ನಂಬಿಸುವ ಉಪಾಯ ಇದು. 2018ರಲ್ಲಿ ನಾನಿದನ್ನು ತ್ಯಾಗ ಎಂದೇ ಓದಿ ಇನ್ನಷ್ಟು ಅತ್ತಿದ್ದೆ. ಇದನ್ನೆಲ್ಲ ಅತ್ತೆಗೆ ವಿವರಿಸಿ, 'ನೋಡಿ, ಅವ್ಳನ್ನ ಉಳಿಸೋಕೆ ಬೈತಿದಾನೆ' ಎಂದೆ. ಮಗುವನ್ನು ಅಗ್ನಿಶಾಮಕ ಠಾಣೆಯಲ್ಲಿ ಬಿಟ್ಟು, ತಲೆಮರೆಸಿಕೊಳ್ಳಲು ಗೊತ್ತು ಮಾಡಿದ ವ್ಯಾನನ್ನು ಅವನು ಹತ್ತಿದ. ಅತ್ತೆ ಪರದೆಯನ್ನೇ ನೋಡುತ್ತ ಹೇಳಿದರು: 'ಅವ್ನೇನೋ ವ್ಯಾನ್ ಹತ್ಕಂಡು ಹೋದ ಕಣಪ್ಪ. ನಾಳೆ ಬಾಗ್ಲಿಗೆ ಬರೋರಿಗೆ ಅವ್ಳು ಏನು ಹೇಳ್ಬೇಕು?'

ಈ ಕಂತಿನ ಬಗ್ಗೆ ನಾನು ಓದಿದ ಯಾವ ಬರಹವೂ ನನ್ನನ್ನು ಇಷ್ಟು ತಡೆದು ನಿಲ್ಲಿಸಿರಲಿಲ್ಲ. ಫೋನಿನ ಬೈಗುಳ ನಾಟಕ ಹೌದು. ಆದರೆ ಆ ಮಾತುಗಳನ್ನು ವಾಲ್ಟರ್ ಆ ಕ್ಷಣಕ್ಕೆ ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ. ಐದು ಸೀಸನ್ನುಗಳ ಉದ್ದಕ್ಕೂ ಅವನೊಳಗೆ ಇದ್ದವೇ ಅವು, ನಮ್ಮಂಥ ಅಭಿಮಾನಿಗಳ ಬಾಯಲ್ಲೂ ಇದ್ದವು. ಸ್ಕೈಲರ್ ಬಗ್ಗೆ ನಾವು ಆಡಿಕೊಂಡದ್ದನ್ನೇ ಬರಹಗಾರ್ತಿ ಅವನ ಬಾಯಿಂದ ನಮಗೆ ಕೇಳಿಸುತ್ತಿದ್ದಾರೆ. ಕೇಳಿಸಿಕೊಳ್ಳುತ್ತಿದ್ದವರು ಪೊಲೀಸರು ಮಾತ್ರ ಅಲ್ಲ.

ನನ್ನ ಹಳೆಯ ಸಮೀಕರಣ ಕೆಟ್ಟದ್ದೂ ಇಲ್ಲೇ. ರನ್ನನ ದುರ್ಯೋಧನ ತನ್ನ ಛಲವನ್ನು ಛಲ ಎಂದೇ ಕರೆಯುತ್ತಾನೆ. ತಂದೆತಾಯಿ ಬಂದು ಸಂಧಿ ಮಾಡಿಕೋ ಎಂದಾಗಲೂ ಅದನ್ನು ಬೇರೆಯವರ ಒಳಿತಿನ ಹೆಸರಿನಲ್ಲಿ ಮುಚ್ಚಿಡುವುದಿಲ್ಲ. ವಾಲ್ಟರ್ ಛಲಕ್ಕೆ ಸಂಸಾರದ ಬಟ್ಟೆ ತೊಡಿಸುತ್ತಾನೆ. ಇದೆಲ್ಲ ನನಗೋಸ್ಕರವೇ ಮಾಡಿದೆ ಎಂಬ ಒಂದು ನಿಜ ಅವನ ಬಾಯಿಗೆ ಬರುವುದು 62ನೆಯ ಕಂತಿನಲ್ಲಿ. ಅಷ್ಟರಲ್ಲಿ ಸಂಸಾರ ಎಂಬುದೇ ಉಳಿದಿರುವುದಿಲ್ಲ. ದುರಂತನಾಯಕ ಎಂಬ ಪದವಿಯನ್ನು ಇವನಿಗೂ ಸಲೀಸಾಗಿ ದಯಪಾಲಿಸಿದಾಗ ವಿಮರ್ಶೆಯೂ ಆ ಬಟ್ಟೆಗೆ ಒಂದು ಹೊಲಿಗೆ ಹಾಕುತ್ತದೆ.

ಅಂತ ಹ್ಯಾಂಕ್‌ನ ಹೆಣದ ಮುಂದೆ ವಾಲ್ಟರ್ ಕುಸಿಯುವಾಗ ಅಳಬಾರದೆಂದು ನಾನು ಹೇಳುತ್ತಿಲ್ಲ. ಈ ಸಲವೂ ಅಲ್ಲಿ ಗಂಟಲು ಕಟ್ಟಿತು. ಕೆಟ್ಟವನಿಗಾಗಿ ಮರುಗಬಲ್ಲ ಮನಸ್ಸನ್ನು ರನ್ನ ನಮಗೆ ಕೊಟ್ಟಿದ್ದಾನೆ, ಅದನ್ನು ಕಳೆದುಕೊಳ್ಳಬಾರದು. ಆದರೆ ಆ ಮರುಕ ರಣರಂಗದಲ್ಲೇ ನಿಂತುಬಿಟ್ಟರೆ ಅರ್ಧ ಕಂತು ನೋಡಿದ ಹಾಗೆ. ಸಹೃದಯ ಅನ್ನಿಸಿಕೊಳ್ಳಬೇಕಾದವನು ಮನೆಯ ತನಕ, ನಡುರಸ್ತೆಯಲ್ಲಿ ಮಂಡಿಯೂರಿದವಳ ತನಕ ಬರಬೇಕು.

ಕುಣಿಗಲ್ಲಿನಿಂದ ಬಂದ ಮೇಲೆ ದುರ್ಯೋಧನನ ಬಗ್ಗೆ ನಾನು ಮಾಡಿಕೊಂಡಿದ್ದ ನಾಲ್ಕು ವರ್ಷದ ಟಿಪ್ಪಣಿಗಳನ್ನು ತಿರುವಿದೆ. ಭಾನುಮತಿಯ ಹೆಸರು ಒಂದು ಕಡೆಯೂ ಇರಲಿಲ್ಲ. ಈಗ ಅವಳಿಗಾಗಿ ಒಂದು ಅಧ್ಯಾಯ ಬರೆಯುತ್ತಿದ್ದೇನೆ. ಜಾತ್ರೆಯಲ್ಲಿ ಆಡಿದ ಮಾತಿಗೆ ಅತ್ತೆಯ ಹತ್ತಿರ ತಪ್ಪಾಯಿತು ಎಂದದ್ದೂ ಆ ನಾಲ್ಕು ದಿನಗಳಲ್ಲೇ. 'ಅವಾಗ ನೀನು ಚಿಕ್ಕೋನು ಬಿಡಪ್ಪ' ಎಂದರು. ನನಗೆ ಆಗ ಹದಿನೆಂಟು ತುಂಬಿತ್ತು.