ತಂದೆಯ ಹೆಸರಿನ ಕಾಲಮ್ಮು

ಬಸವಿಯರ, ದೇವದಾಸಿಯರ ಮಕ್ಕಳ ಬಾಲ್ಯವನ್ನು ಚಿತ್ರಿಸಲು ಬರುವ ಸಾಕ್ಷ್ಯಚಿತ್ರದವರು ಮೊದಲು ಹುಡುಕುವುದು ಅಪ್ಪನನ್ನು. ಅವನಿಲ್ಲ ಅಂತ ಗೊತ್ತಾದ ಕೂಡಲೇ ಹಿನ್ನೆಲೆಯಲ್ಲಿ ಕೊಳಲು ಶುರು. ಶಾಲೆಯ ಅರ್ಜಿ ಕೇಳುತ್ತಾ ಬಂದದ್ದೂ ಇದನ್ನೇ: ತಂದೆಯ ಹೆಸರು? ಕೇರಿಯಲ್ಲಿ ಎಲ್ಲರಂತಿದ್ದ ಮಗು ಆ ಕಾಲಮ್ಮಿನ ಮುಂದೆ 'ಬೇರೆ'ಯಾಗುತ್ತದೆ. ಕ್ಯಾಮೆರಾ ಆ ಅರ್ಜಿಯನ್ನೇ ಬಣ್ಣದಲ್ಲಿ ಭರ್ತಿ ಮಾಡುತ್ತದೆ.

ಇಂಥ ಚಿತ್ರಗಳಿಗೆಲ್ಲ ಮಾದರಿಯಂತಿರುವುದು 2005ರಲ್ಲಿ ಆಸ್ಕರ್ ಪಡೆದ 'ಬಾರ್ನ್ ಇನ್‌ಟು ಬ್ರಾಥೆಲ್ಸ್'. ಝಾನಾ ಬ್ರಿಸ್ಕಿ ಕಲ್ಕತ್ತದ ಸೋನಾಗಾಚಿಯ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟರು. ಮಕ್ಕಳು ತೆಗೆದ ಫೋಟೊಗಳು ನಿಜಕ್ಕೂ ಚೆಂದ, ಅದನ್ನು ಒಪ್ಪಬೇಕು. ಆದರೆ ಕಥೆಯ ದಾರಿ ಒಂದೇ: ಉದ್ಧಾರ ಅಂದರೆ ಅವ್ವನ ಮನೆಯಿಂದ ಹೊರಗೆ, ಬೋರ್ಡಿಂಗ್ ಶಾಲೆಗೆ. ಅಲ್ಲಿನ ಹೆಂಗಸರು 1995ರಲ್ಲಿ ಕಟ್ಟಿಕೊಂಡ ದುರ್ಬಾರ್ ಸಂಘಟನೆ ಚಿತ್ರದ ಕಣ್ಣಿಗೆ ಬಿದ್ದೇ ಇಲ್ಲ. ಚಳ್ಳಕೆರೆಯಲ್ಲಿ ಇದನ್ನು ತೋರಿಸಿದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: 'ಸಾರ್, ಅವ್ವಂದಿರ ಕೈಗ್ಯಾಕೆ ಕ್ಯಾಮೆರಾ ಕೊಡ್ಲಿಲ್ಲ?' ಇಷ್ಟು ಸರಿಯಾದ ವಿಮರ್ಶೆ ನಾನು ಬೇರೆಲ್ಲೂ ಓದಿಲ್ಲ.

ಮೊಳಕಾಲ್ಮೂರು ದಾಟಿದರೆ ರಾಯದುರ್ಗ. ಅದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1909ರಲ್ಲಿ, ಎಡ್ಗರ್ ಥರ್ಸ್‌ಟನ್ ಬಸವಿಯ ಬಗ್ಗೆ ದಾಖಲಿಸಿದ್ದ: ಆಕೆ ತವರಿಗೆ ಮಗನಿದ್ದಂತೆ, ಆಸ್ತಿಗೆ ಹಕ್ಕುದಾರಳು, ಆಕೆಯ ಮಕ್ಕಳು ಆ ಮನೆತನದವರೇ. ತಲೆಬುರುಡೆ ಅಳೆಯುತ್ತಿದ್ದ ಆ ಸಾಹೇಬನಿಗೆ ಕಂಡ ಸಂಬಂಧ ನಮ್ಮ ಪ್ರಗತಿಪರ ಕ್ಯಾಮೆರಾಕ್ಕೆ ಕಾಣುವುದಿಲ್ಲ! ಅಜ್ಜಿ, ಅವ್ವ, ಸೋದರಮಾವ ಸೇರಿ ಸಾಕಿದ ಕೂಸು ಅದರ ಕಣ್ಣಿಗೆ ಬರೀ ತಬ್ಬಲಿ. ಹಾಗಂತ ಇದು ಬಸವಿ ಬಿಡುವುದರ ಸಮರ್ಥನೆ ಅಲ್ಲ. ಮಾದಿಗರ ಹೆಣ್ಣುಮಗಳ ಮೈಯನ್ನು ಊರಿನ ಸೊತ್ತು ಮಾಡಿದ ಆಚಾರ ಅದು. 1982ರ ಕಾಯ್ದೆ ನಿಷೇಧಿಸಿದ್ದು ಸರಿಯಾಗಿಯೇ ಇದೆ. ಆದರೆ ಆಚಾರವನ್ನು ಹೊಡೆಯಲು ಹೋಗಿ ಅವ್ವನನ್ನೇ ಹೊಡೆಯುವುದು ಯಾವ ನ್ಯಾಯ?

ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಅಪ್ಪ ಎತ್ತಿನಂತೆ ನೊಗಕ್ಕೆ ಹೆಗಲು ಕೊಟ್ಟಿದ್ದನ್ನು ಹುಡುಗ ನೋಡುತ್ತಾನೆ. ಯಾವ ಸಾಕ್ಷ್ಯಚಿತ್ರಕ್ಕೂ ಅಷ್ಟು ಸಿಕ್ಕರೆ ಸಾಕು, ಅಲ್ಲೇ ನಿಂತುಬಿಡುತ್ತದೆ. ಪುಸ್ತಕ ನಿಲ್ಲುವುದಿಲ್ಲ. ಕೇರಿಯ ತಮಾಷೆ, ಪುಂಡಾಟ, ದೆವ್ವದ ಭಯ ಎಲ್ಲ ಅದರ ಹಿಂದೆಯೇ ಬರುತ್ತವೆ. ಅಲ್ಲಿ ಬಾಲ್ಯ ಅವಮಾನದಿಂದ ತುಂಬಿದ್ದರೂ ಅವಮಾನಕ್ಕೆ ಸೋತಿಲ್ಲ.

2025ರಲ್ಲಿ ರಾಜ್ಯದ ಶಾಸನಸಭೆ ಒಪ್ಪಿದ ದೇವದಾಸಿ ವಿಧೇಯಕ ಈ ಮಕ್ಕಳು ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯವನ್ನು ಕೈಬಿಟ್ಟಿತು. ಸಾಕ್ಷ್ಯಚಿತ್ರದವರು ಮಾತ್ರ ಮೈಕು ಹಿಡಿದು ಇನ್ನೂ ಅದೇ ಪ್ರಶ್ನೆ ಕೇಳುತ್ತಿದ್ದಾರೆ.